ಜಾಣಗಿವುಡು

ಜನವರಿ ೧೨, ಸೋಮವಾರ

ಸೈನ್ಯದ ವೈದ್ಯ ಮಂಡಳಿಯಿಂದ ಉತ್ತರ ಬಂತು. ಇವರ ಬಲ ಮೊಣಕಾಲಿಗೆ ಶೇಕಡಾ ಇಪ್ಪತ್ತು ಊನ, ಅದು ಸೇವೆಯಲ್ಲಿದ್ದಾಗ ಆದ ಪೆಟ್ಟೇ ಎಂದು ಒಪ್ಪಿದ್ದಾರೆ. ಕಿವಿಗಳಿಗೆ ಶೇಕಡಾ ಐದು, ಅದೂ ಸೇವೆಯಿಂದಲ್ಲ, ವಯಸ್ಸಿನಿಂದ ಅಂತೆ. ಅರ್ಧ ಆಯುಸ್ಸು ಫಿರಂಗಿಯ ಪಕ್ಕದಲ್ಲಿ ನಿಂತವರ ಕಿವಿ ವಯಸ್ಸಿನಿಂದ ಮಂದವಾಯಿತಂತೆ! ಮೂಗಿಗೂ ಅದೇ ವಯಸ್ಸಲ್ಲವೇ? ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿ ಕೂತು ಹೇಳುತ್ತಾರೆ.

ನಾನು ಕೂಗಾಡಿದೆ. ಇವರಿಗೆ ಬಿಸಿಯೇ ತಟ್ಟಲಿಲ್ಲ. ಪರೀಕ್ಷೆಯಲ್ಲಿ ತಾವು ಒಂದೂ ತಪ್ಪು ಮಾಡಿಲ್ಲವೆಂದೂ, ಡಾಕ್ಟರು ದೂರ ನಿಂತು ಪಿಸುಗುಟ್ಟಿದ್ದನ್ನೆಲ್ಲ ಸರಿಯಾಗಿ ತಿರುಗಿ ಹೇಳಿದ್ದಾಗಿಯೂ ಹೆಮ್ಮೆಯಿಂದ ಹೇಳಿದರು. ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಮುಖ. ಕೆಟ್ಟಿದೆ ಎಂದು ತೋರಿಸಲು ಹೋದ ಕಡೆ ಚೆನ್ನಾಗಿದೆ ಎಂದು ತೋರಿಸಿ ಬಂದಿದ್ದಾರೆ, ಪುಣ್ಯಾತ್ಮ.

ಹಾಗೆ ನೋಡಿದರೆ ನನಗೂ ಅನುಮಾನವೇ. ಕಿವಿ ಸ್ವಲ್ಪ ಮಂದ, ಒಪ್ಪಿದೆ. ಆದರೆ ಬಹುಪಾಲು ಜಾಣಗಿವುಡು. ಎದುರಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಅಕ್ಷರ ಅಕ್ಷರವೂ ಕೇಳಿಸುತ್ತದೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಏನಾದರೂ ಕೆಲಸ ಹೇಳಿದರೆ ಮಾತ್ರ ಕೋಣನ ಮುಂದೆ ಕಿನ್ನರಿ. ಮದುವೆಯಾದಾಗಿನಿಂದ ಇದೇ ರಾಗ. ಮಾತಾಡಿದರೆ ಕೇಳುವವರಿಲ್ಲದ ಮನೆಯಲ್ಲಿ ಬರೆದುಕೊಳ್ಳುವುದೇ ವಾಸಿ ಎಂದು ಇವತ್ತಿನಿಂದ ಶುರುಮಾಡಿದ್ದೇನೆ.

ಜನವರಿ ೧೪, ಬುಧವಾರ

ಮಾಜಿ ಸೈನಿಕರ ಕಚೇರಿಗೆ ಹೋಗಿದ್ದೆ. ಇವರು ಬರಲಿಲ್ಲ. ಅಲ್ಲಿಯ ಗುಮಾಸ್ತರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಎತ್ತಿದ ಕೈ. ಮೇಲ್ಮನವಿ ಹಾಕಬಹುದು, ಹಾಕದೆಯೂ ಇರಬಹುದು, ಹಾಕಿದವರಿಗೆ ಆಗಿದ್ದೂ ಉಂಟು, ಆಗದ್ದೂ ಉಂಟು ಎಂದರು. ಗದರಿಸಿದ ಮೇಲೆ ವಿಷಯಕ್ಕೆ ಬಂದರು: ಮೇಲ್ಮನವಿ ಒಂದೇ ಸಲ. ಅಲ್ಲಿ ಹೇಳಿದ್ದೇ ಕೊನೆಯ ಮಾತು. ಕಿವಿಯ ತಜ್ಞರಿಂದ ಹೊಸ ಪರೀಕ್ಷೆಯ ವರದಿ ಬೇಕು, ಇವರ ಜೊತೆಗೆ ಸೇವೆ ಮಾಡಿದವರೊಬ್ಬರ ಸಾಕ್ಷಿಯೂ ಬೇಕು.

ಹಾಕುತ್ತೇವೆ ಎಂದು ಹೇಳಿ ಬಂದೆ. "ವಯಸ್ಸಿನಿಂದ" ಎಂಬ ಆ ಒಂದು ಮಾತು ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ.

ಫೆಬ್ರವರಿ ೩, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಲಿ? ಮೊದಲಿಂದ ಬರೆಯುತ್ತೇನೆ.

ಕಿವಿಯ ಡಾಕ್ಟರು ಹೆಂಗಸು, ನನ್ನ ವಯಸ್ಸಿನವರೇ ಇರಬೇಕು. ಇವರನ್ನು ಕೂರಿಸಿಕೊಂಡು ಎಷ್ಟೋ ಹೊತ್ತು ಮಾತಾಡಿದರು. ಇವರು ಎಲ್ಲದಕ್ಕೂ ಸರಾಗವಾಗಿ ಉತ್ತರ ಕೊಟ್ಟರು. ಸುಮ್ಮನೆ ಬಂದೆವಲ್ಲ ಎಂದು ನನಗೆ ನಾಚಿಕೆಯಾಗತೊಡಗಿತು. ಆಮೇಲೆ ಆ ಡಾಕ್ಟರಮ್ಮ ಮೇಜಿನ ಮೇಲಿದ್ದ ಒಂದು ಕಾಗದ ಎತ್ತಿ, ಗಾಳಿ ಹಾಕಿಕೊಳ್ಳುವವರಂತೆ ಬಾಯಿಗೆ ಅಡ್ಡ ಹಿಡಿದು, ಅದೇ ದನಿಯಲ್ಲಿ ಮಾತು ಮುಂದುವರಿಸಿದರು. ನಿಮ್ಮ ಹೆಂಡತಿಗೆ ಕೋಪ ಜಾಸ್ತಿಯೇ ಎಂದು ಕೇಳಿದರು. ನಾನು ನಕ್ಕೆ. ಇವರು ನಗಲಿಲ್ಲ. ಕಾಗದವನ್ನೇ ನೋಡುತ್ತ ಕೂತಿದ್ದರು, ಬಾಗಿಲು ತೆರೆಯಲಿ ಎಂದು ಕಾಯುವವರ ಹಾಗೆ. ಕಾಗದ ಕೆಳಗಿಳಿಯಿತು. ಅದೇ ಪ್ರಶ್ನೆ ಮತ್ತೆ ಬಂತು. ಇವರು ಜೋರಾಗಿ ನಕ್ಕು, "ಅವಳನ್ನೇ ಕೇಳಿ ಡಾಕ್ಟ್ರೇ, ನನಗೂ ಅವಳಿಗೂ ಒಂದೇ ಮನೆ," ಎಂದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇವರು ಕಿವಿಯಿಂದ ಕೇಳ್ತಿಲ್ಲಮ್ಮ. ತುಟಿ ನೋಡಿ ಓದ್ತಿದಾರೆ."

ಆಮೇಲೆ ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಗೂಡಿನೊಳಗೆ ಇವರನ್ನು ಕೂರಿಸಿ, ಕಿವಿಗೆ ಸಾಧನ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಹೇಳಿದರು. ನಾನು ಹೊರಗೆ ಪರದೆಯ ಮುಂದೆ ಕೂತೆ. ಸದ್ದು ಏರುತ್ತ ಹೋಯಿತು, ಗೆರೆ ಮೇಲೆ ಮೇಲೆ ಹೋಯಿತು, ಇವರ ಹೆಬ್ಬೆರಳು ಅಲ್ಲಾಡಲಿಲ್ಲ. ಮುಖದಲ್ಲಿ ಎಷ್ಟು ಗಮನವಿತ್ತೆಂದರೆ ಉಸಿರನ್ನೂ ಬಿಗಿಹಿಡಿದಿದ್ದರು. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದರಂತೆ.

ಒಳಕಿವಿಯ ಚಿತ್ರ ತೋರಿಸಿದರು. ಬಟಾಣಿ ಕಾಳಿನಷ್ಟು ಚಿಕ್ಕ ಬಸವನಹುಳುವಿನಂಥದು. ಅದರ ಸುರುಳಿಯೊಳಗೆ ಸಾಲು ಸಾಲಾಗಿ ಕೂದಲಿಗಿಂತ ಸಣ್ಣ ಎಳೆಗಳು. ಲೋಕದ ಸದ್ದೆಲ್ಲ, ತೊಟ್ಟಿಕ್ಕುವ ನಲ್ಲಿಯಿಂದ ಹಿಡಿದು ಗುಡುಗಿನವರೆಗೆ, ಆ ಎಳೆಗಳು ತೊನೆದರೆ ಮಾತ್ರ ನಮ್ಮದು. ಇಷ್ಟು ದೊಡ್ಡ ಲೋಕವನ್ನು ಇಷ್ಟು ಚಿಕ್ಕದರಲ್ಲಿ ಇಟ್ಟವರು ಯಾರಪ್ಪಾ! ನನ್ನ ಕಿವಿಯನ್ನೇ ಎರಡು ಸಲ ಮುಟ್ಟಿ ನೋಡಿಕೊಂಡೆ. ಇವರ ಎಳೆಗಳು ಮಲಗಿಬಿಟ್ಟಿವೆ. ಮಖಮಲ್ಲಿನ ಮೇಲೆ ಕಾದ ಇಸ್ತ್ರಿ ಇಟ್ಟರೆ ಹಾಗೇ ಆಗುತ್ತದೆ, ಆ ಎಳೆ ಮತ್ತೆ ಏಳುವುದಿಲ್ಲ. ವಯಸ್ಸಾದರೆ ಹಾನಿ ಬೇರೆ ಥರ ಕಾಣುತ್ತದಂತೆ. ಇದು ವರ್ಷಗಟ್ಟಲೆ ಸಿಡಿದ ಸದ್ದಿನದೇ ಎಂದು ಬರೆದುಕೊಡುತ್ತೇನೆ ಎಂದರು.

ಇನ್ನೂ ಒಂದು ಮಾತು ಹೇಳಿದರು. ತುಟಿಯ ಮೇಲೆ ಕಾಣುವುದು ಅರ್ಧಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಊಹೆ. ಅಂದರೆ ಈ ಮನುಷ್ಯ ಬೆಳಗಾದರೆ ಚಹಾದಿಂದ ಹಿಡಿದು ದೀಪ ಆರಿಸುವವರೆಗೆ, ಒಂದೊಂದು ಮಾತಿನ ಅರ್ಧವನ್ನು ಹಿಡಿದು ಉಳಿದರ್ಧವನ್ನು ತಾವೇ ಹೊಲಿದುಕೊಳ್ಳುತ್ತಿದ್ದಾರೆ. ಅದೂ ನಾನು ಮಾತಾಡುವ ವೇಗಕ್ಕೆ.

ಫೆಬ್ರವರಿ ೪, ಬುಧವಾರ

ಗುಂಡುಸೂಜಿ! ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡರೆ ತುಟಿ ಆಡುವುದಿಲ್ಲ. ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟು ಕೂತುಬಿಟ್ಟೆ.

ಹೋಗಿ ಕೇಳಿದೆ. ನಾನು ಕೆಲಸದಲ್ಲಿರುವಾಗ ಮಾತು ಬಿಡುತ್ತೇನೆ ಎಂದೇ ಇವರು ತಿಳಿದಿದ್ದರಂತೆ. ಶ್ರದ್ಧೆ ಅಂದರೆ ಇದು ಎಂದು ಗೆಳೆಯರ ಮುಂದೆ ಹೊಗಳಿಯೂ ಇದ್ದರಂತೆ. ನಾನು ಅಲ್ಲಿ ಕೂತು ಇವರ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ನನಗೆ ಸಿಟ್ಟೂ ಬಂತು, ಹೇಳಬಾರದಿತ್ತೇ ಎಂದು. ಏನು ಹೇಳುವುದು, ಎಲ್ಲರೂ ಹೀಗೇ ಕೇಳುತ್ತಾರೆ ಎಂದುಕೊಂಡಿದ್ದೆ ಎಂದರು. ತಮಾಷೆಗೆ ಹೇಳಿದರೋ ನಿಜವೋ ತಿಳಿಯಲಿಲ್ಲ.

ಗುಂಡುಸೂಜಿಗಳಿಗೆ ಒಂದು ಸಣ್ಣ ದಿಂಬು ಹೊಲಿದೆ. ಬಾಯಲ್ಲಿಟ್ಟುಕೊಂಡರೆ ನುಂಗಿಬಿಡುವ ಅಪಾಯವಿದೆ, ವಯಸ್ಸು ನನಗೂ ಆಯಿತು.

ಫೆಬ್ರವರಿ ೧೯, ಗುರುವಾರ

ವರದಿ ಬಂದಿದೆ, ಮೇಲ್ಮನವಿ ಬರೆದೂ ಆಗಿದೆ. ಇವರು ಸಹಿ ಹಾಕುತ್ತಿಲ್ಲ.

ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳಿದ್ದಾರೆ. ತಲೆಬುರುಡೆಯೊಳಗೆ ಸಣ್ಣ ಯಂತ್ರವಿಟ್ಟು, ಮಲಗಿದ ಎಳೆಗಳನ್ನು ಬಿಟ್ಟು, ಸದ್ದನ್ನು ನೇರವಾಗಿ ನರಕ್ಕೇ ಮುಟ್ಟಿಸುವ ಶಸ್ತ್ರಚಿಕಿತ್ಸೆಯಿದೆ. ಸೈನ್ಯದ ಆಸ್ಪತ್ರೆಯಲ್ಲಿ ಮಾಡುತ್ತಾರೆ, ಆದರೆ ಕಿವಿ ಸೇವೆಯಿಂದಲೇ ಹಾಳಾಯಿತು ಎಂದು ಮಂಡಳಿ ಒಪ್ಪಿದವರಿಗೆ ಮಾತ್ರ. ಹೊರಗೆ ಮಾಡಿಸುವುದು ನಮ್ಮ ಕೈಯಲ್ಲಾಗುವ ಮಾತಲ್ಲ. ತಡಮಾಡುವ ಹಾಗೂ ಇಲ್ಲ. ಸದ್ದು ಮುಟ್ಟದ ನರ ಸದ್ದನ್ನು ಮರೆಯುತ್ತ ಹೋಗುತ್ತದಂತೆ. ಪೂರ್ತಿ ಮರೆತ ಮೇಲೆ ಯಂತ್ರವಿಟ್ಟರೂ ಪ್ರಯೋಜನವಿಲ್ಲ. ಈ ಮೇಲ್ಮನವಿ ಬಿದ್ದರೆ ಇವರಿಗೆ ಇನ್ನು ಕೇಳುವುದೇ ಇಲ್ಲ.

ಇವರಿಗೆ ಇದೆಲ್ಲ ಗೊತ್ತು. ಸಹಿ ಹಾಕದೆ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನೂ ಹೋಗಿ ಎದುರಿಗೆ ನಿಂತೆ.

"ಪರೀಕ್ಷೇಲಿ ಫೇಲಾಗೋಕೆ ಅಂತಾನೇ ಹೋಗ್ಬೇಕಾ?" ಎಂದರು. "ದೊಡ್ಡ ಆಫೀಸರು ಪ್ರಶ್ನೆ ಕೇಳ್ತಾರೆ, ನಾನು ಗೊತ್ತಿಲ್ದೋನ ಥರ ನಿಂತಿರ್ಬೇಕಾ? ನನಗೆ ಅದು ಬರಲ್ಲ ಕಣೇ."

"ನಟನೆ ಮಾಡಿ ಅಂತ ಯಾರ್ರೀ ಹೇಳಿದ್ದು? ಇರೋದನ್ನ ತೋರಿಸಿ ಅಷ್ಟೆ."

ಆಮೇಲೆ, ನಾನು ಕೇಳದೆಯೇ, ಕಿವಿಯಲ್ಲಿ ಒಂದು ಶಿಳ್ಳೆ ಇದೆ ಎಂದರು. ಹಗಲೂ ರಾತ್ರಿ ಒಂದೇ ಸಮ. ಮೊದಮೊದಲು ಎದ್ದು ಹೋಗಿ ಒಲೆಯ ಮೇಲೆ ಏನಾದರೂ ಇದೆಯೇ ಎಂದು ನೋಡಿ ಬರುತ್ತಿದ್ದರಂತೆ. ಸದ್ದಿಲ್ಲದಿರುವುದು ಅಂದರೆ ಹೇಗಿರುತ್ತದೆಂಬುದೇ ಮರೆತು ಹೋಗಿದೆಯಂತೆ. ನಾನು ಮಾತಾಡುವಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ, ತುಟಿಯ ಕಡೆ ಗಮನವಿರುತ್ತದಲ್ಲ ಎಂದರು.

ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಆ ಶಿಳ್ಳೆಯೂ ನಮ್ಮ ಜೊತೆಗೇ ಈ ಮನೆಯಲ್ಲಿತ್ತು. ಬೆರಗಾಯಿತು. ಅಳುವೂ ಬಂತು, ಆದರೆ ಅತ್ತರೆ ತುಟಿ ಅದುರಿ ಮಾತು ತಿಳಿಯುವುದಿಲ್ಲವೆಂದು ತಡೆದುಕೊಂಡೆ.

ಸಹಿ ಹಾಕಿದರು.

ಮಾರ್ಚ್ ೫, ಗುರುವಾರ

ಹೊಲಿಗೆ ಯಂತ್ರವನ್ನು ಗೋಡೆಯ ಕಡೆಯಿಂದ ತೆಗೆದು ಕಿಟಕಿಗೆ ಎದುರಾಗಿ ಇಟ್ಟುಕೊಂಡೆ. ಬೆಳಕು ಚೆನ್ನಾಗಿ ಬರುತ್ತದೆ, ಕಪ್ಪು ಬಟ್ಟೆಯ ಹೊಲಿಗೆಗೆ ಅನುಕೂಲ. ಇವರ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಕಾಲಿಗೆ ಅಡ್ಡವಾಗುತ್ತದೆ, ಇರಲಿ. ಬರೆಯಲು ಬೇರೇನೂ ಇಲ್ಲ.

ಮಾರ್ಚ್ ೨೨, ಭಾನುವಾರ

ಸಾಕ್ಷಿ ಹೇಳಲು ಒಪ್ಪಿದವರು ಬಂದಿದ್ದರು. ಇವರ ಫಿರಂಗಿಯಲ್ಲೇ ಗುಂಡು ತುಂಬುತ್ತಿದ್ದವರು. ದಳದಲ್ಲೆಲ್ಲ ಅವರಿಗೆ "ಮೀಸೆ" ಎಂದೇ ಹೆಸರು. ಬಾಗಿಲು ತೆಗೆದರೆ ನುಣ್ಣಗೆ ಬೋಳಿಸಿದ ಮುಖ. ಮೀಸೆ ಎಲ್ಲಿ ಎಂದು ಕೇಳಿದೆ. "ಪಿಂಚಣಿ ತಗೊಂಡು ಹೋಯ್ತು ಅತ್ತಿಗೆ," ಎಂದರು. ಅವರ ಎಡಗಿವಿ ಸತ್ತಿದೆ, ಬಲಗಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡಿದ್ದಾರೆ.

ಇವರು ಅಂಗಡಿಗೆ ಹೋಗಿದ್ದಾಗ ಮೀಸೆಯವರು ನನಗೆ ಹೇಳಿದರು. ಫಿರಂಗಿ ಸಿಡಿಯುವಾಗ ಕಿವಿಗೆ ಹತ್ತಿ ಬಿಟ್ಟರೆ ಬೇರೇನೂ ಇರಲಿಲ್ಲ. ಮಿಕ್ಕವರು ಗುಂಡು ತುಂಬಿ ಹಿಂದಕ್ಕೆ ಓಡಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇವರು ಫಿರಂಗಿಯ ಮುಖ್ಯಸ್ಥರು, ಕೈಯೆತ್ತಿ ಆಜ್ಞೆ ಕೊಡಬೇಕು, ಕಿವಿ ಮುಚ್ಚಿಕೊಳ್ಳಲು ಕೈ ಎಲ್ಲಿಂದ ಬರಬೇಕು? ಆ ಸದ್ದಿನಲ್ಲಿ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಆ ಫಿರಂಗಿಯ ಆರು ಜನ ತಮಗೆ ತಿಳಿಯದೆಯೇ ಒಬ್ಬರ ತುಟಿ ಇನ್ನೊಬ್ಬರು ಓದುವುದನ್ನು ಕಲಿತರು. ಹೇಳಿಕೊಟ್ಟವರಿಲ್ಲ. ತಪ್ಪಾಗಿ ಓದಿದರೆ ಜೀವ ಹೋಗುತ್ತಿತ್ತು, ಅದೇ ಮೇಷ್ಟ್ರು.

ಇವರು ಬಂದರು. ಅಪ್ಪಿಕೊಂಡಾಯಿತು, ಬೆನ್ನು ಗುದ್ದಿಕೊಂಡಾಯಿತು. ನಾನು ಚಹಾ ತರಲು ಒಳಗೆ ಹೋದೆ. ಹಾಲು ಕಾಯುವಾಗ ನೋಡುತ್ತೇನೆ, ಹೊರಗೆ ನಿಶ್ಶಬ್ದ. ಎಷ್ಟೋ ವರ್ಷದ ಮೇಲೆ ಸಿಕ್ಕವರು ಇಷ್ಟು ಬೇಗ ಜಗಳವಾಡಿದರೇ ಎಂದು ಇಣುಕಿದೆ.

ಇಬ್ಬರೂ ಎದುರು ಬದುರು ಕೂತು ಮಾತಾಡುತ್ತಿದ್ದರು. ಗಂಟಲಿನಿಂದ ಒಂದು ಎಳೆ ಸದ್ದಿಲ್ಲ. ತುಟಿ ಮಾತ್ರ ಓಡುತ್ತಿತ್ತು, ಹುಬ್ಬು ಏರುತ್ತಿತ್ತು, ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಮೀಸೆಯವರು ಯಾವುದೋ ಕಥೆ ಹೇಳಿದರು. ಇವರು ತೊಡೆ ತಟ್ಟಿಕೊಂಡು, ತಲೆ ಹಿಂದಕ್ಕೆ ಎಸೆದು ನಕ್ಕರು, ಆಗ ಮಾತ್ರ ಸದ್ದು ಬಂತು. ಇವರ ಮುಖದಲ್ಲಿ ಆ ಗಮನದ ಬಿಗಿ ಇರಲಿಲ್ಲ. ಹಣೆಯ ಗೆರೆಗಳು ಸಡಿಲವಾಗಿದ್ದವು. ಇವರ ಮುಖ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಈ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ಹಾಲು ಉಕ್ಕಿ ಹೋಯಿತು. ಹೋಗಲಿ ಎಂದು ಅಲ್ಲೇ ನಿಂತಿದ್ದೆ. ಮನುಷ್ಯರು ಎಲ್ಲಿ ಬೇಕಾದರೂ ಬದುಕಿಕೊಳ್ಳುತ್ತಾರಲ್ಲ, ಸದ್ದೇ ಇಲ್ಲದ ಕಡೆಯಲ್ಲಿ ಕೂಡ ಹರಟೆ ಹೊಡೆಯುತ್ತಾರಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಏಪ್ರಿಲ್ ೯, ಗುರುವಾರ

ಮಂಡಳಿಯ ದಿನ ಗೊತ್ತಾಗಿದೆ, ಮೇ ಹದಿನಾಲ್ಕು.

ನನಗೆ ಮೂರು ದಿನದಿಂದ ಶೀತ, ಗಂಟಲು ಪೂರ್ತಿ ಕಟ್ಟಿದೆ. ರವಿಕೆ ಹೊಲಿಸಲು ಬಂದ ಗಿರಾಕಿಯೊಬ್ಬಳು ಅರ್ಧ ಗಂಟೆ ಕೂತಿದ್ದು, ಹೊರಡುವಾಗ ಮೆಲ್ಲಗೆ, ಗಂಡ ಹೆಂಡತಿ ಮಾತು ಬಿಟ್ಟಿದ್ದೀರಾ ಎಂದು ಕೇಳಿದಳು. ಮಾತು ಬಿಡುವುದೇ? ಬೆಳಗಿನಿಂದ ಬಾಯಿ ಮುಚ್ಚಿಲ್ಲ. ಅವಳ ಅಳತೆ ತೆಗೆಯುವಾಗಲೇ, ಇವಳಿಗೆ ಹೋದ ಸಲಕ್ಕಿಂತ ಎರಡು ಬೆರಳು ಜಾಸ್ತಿ ಬಟ್ಟೆ ಬೇಕು ಎಂದು ಬರೀ ತುಟಿಯಲ್ಲೇ ಇವರಿಗೆ ಹೇಳಿದ್ದೆ, ಇವರು ನಗು ತಡೆಯಲಾರದೆ ಎದ್ದು ಹೋಗಿದ್ದರು.

ಮೇ ೧೪, ಗುರುವಾರ

ಉದ್ದನೆಯ ಕೋಣೆ, ಕಲ್ಲಿನ ನೆಲ. ಮೇಜಿನ ಹಿಂದೆ ಮೂವರು ಡಾಕ್ಟರುಗಳು. ನಡುವೆ ಅಧ್ಯಕ್ಷರು, ಸಮವಸ್ತ್ರದಲ್ಲಿದ್ದರು, ತೆಳ್ಳಗೆ ಕಡ್ಡಿಯ ಹಾಗೆ. ಬಾಗಿಲಲ್ಲಿ ಒಬ್ಬ ಜವಾನ ಚಹಾದ ತಟ್ಟೆ ಹಿಡಿದು ನಿಂತಿದ್ದ. ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ನಾನು. ಮೀಸೆಯವರು ಸಾಕ್ಷಿ ಹೇಳಿ ಮುಗಿಸಿ ನನ್ನ ಪಕ್ಕದಲ್ಲಿ ನಿಂತರು, ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಇವರು ಮೇಜಿನ ಮುಂದೆ ನೆಟ್ಟಗೆ ನಿಂತು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ಅದೇ ತೊಂದರೆಯಾಯಿತು. ಎಡಗಡೆಯ ಡಾಕ್ಟರು ವರದಿಯನ್ನೂ ಇವರನ್ನೂ ನೋಡಿ ನೋಡಿ, ಯಂತ್ರದ ಪರೀಕ್ಷೆಯಲ್ಲಿ ಗುಂಡಿ ಒತ್ತದೆ ಕೂತರೆ ಯಾರು ಬೇಕಾದರೂ ಕಿವುಡರಾಗಬಹುದು ಎಂದರು. ಇದು ಜಾಣಗಿವುಡು ಎಂದು ಆ ಮಾತನ್ನೇ ಬಳಸಿದರು. ನನಗೆ ಕೆನ್ನೆ ಬಿಸಿಯಾಯಿತು. ನಾನು ವರ್ಷಗಟ್ಟಲೆ ಆಡಿದ್ದ ಮಾತು, ಬೇರೆಯವರ ಬಾಯಲ್ಲಿ ಕೇಳಿದರೆ ಇಷ್ಟು ಕೆಟ್ಟದಾಗಿರುತ್ತದೆಯೇ?

ಅಧ್ಯಕ್ಷರು ಕನ್ನಡಕ ತೆಗೆದರು. "ಈ ರಿಪೋರ್ಟ್ ನಿಜ ಆದ್ರೆ ನಿಮಗೆ ಫಿರಂಗಿ ಸದ್ದೂ ಕೇಳಿಸಬಾರದು. ನೀವು ನೋಡಿದ್ರೆ ಆಗಿನಿಂದ ನನ್ನ ಜೊತೆ ಮಾತಾಡ್ತಿದೀರ. ಯಾವುದನ್ನ ನಂಬಲಿ?"

"ಎರಡೂ ನಿಜ ಸರ್," ಎಂದರು ಇವರು.

ತಿರುಗಿ ನಿಲ್ಲಿ ಎಂದರು ಅಧ್ಯಕ್ಷರು. ಇವರು ಅನುಮಾನಿಸಿದರು. ಅಧಿಕಾರಿಗೆ ಬೆನ್ನು ಹಾಕಿ ಅಭ್ಯಾಸವಿಲ್ಲ. ಕ್ಷಮಿಸಿ ಎಂದು ಹೇಳಿ ತಿರುಗಿದರು, ಈಗ ನಮ್ಮ ಕಡೆ ಮುಖ. ಹೆಂಡತಿಯ ತುಟಿ ನೋಡಿ ಹೇಳಿಬಿಡುತ್ತಾರೆ ಎಂದು ಎಡಗಡೆಯವರು ತಕರಾರು ತೆಗೆದರು. ಸರಿ, ಪಕ್ಕದ ಬರಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಆರಾಮಾಗಿ ನಿಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡಿ ಎಂದು ಅಧ್ಯಕ್ಷರು ಎದುರಿಗೇ ಹೋಗಿ ಹೇಳಿ ಬಂದರು. ಇವರು ಕಾಲು ಅಗಲಿಸಿ, ಕೈಗಳನ್ನು ಬೆನ್ನ ಹಿಂದೆ ಸೇರಿಸಿ ನಿಂತರು. ನನಗೆ ಅರ್ಧ ಮುಖ ಕಾಣುತ್ತಿತ್ತು.

ಅಧ್ಯಕ್ಷರು ಹಿಂದಿನಿಂದ ಹೆಸರು ಕೇಳಿದರು. ದಳ ಕೇಳಿದರು. ಬೆಂಕಿ ಬಿದ್ದಿದೆ ಓಡಿ ಎಂದೂ ಹೇಳಿದರು. ಇವರು ಅಲ್ಲಾಡಲಿಲ್ಲ. ಎಡಗಡೆಯವರು, ಉತ್ತರ ಕೊಡದೆ ನಿಲ್ಲುವುದು ಯಾರಿಗೆ ಬರುವುದಿಲ್ಲ ಎಂದು ಪೆನ್ನಿನ ಮುಚ್ಚಳ ತೆಗೆದರು. ಬರೆದುಬಿಟ್ಟರೆ ಮುಗಿಯಿತು.

ಅಧ್ಯಕ್ಷರು ಪೆನ್ನು ಹಿಡಿದ ಆ ಕೈಯನ್ನು ತಡೆದು, ಮೆಲ್ಲಗೆ ಎದ್ದರು. ಉಸಿರು ತುಂಬಿಕೊಂಡರು.

"ಅಟೆನ್‌ಷನ್!"

ಆ ಕಡ್ಡಿಯಂಥ ಮೈಯೊಳಗೆ ಅಂಥ ಗಂಟಲು ಎಲ್ಲಿತ್ತೋ. ಕಿಟಕಿಯ ಗಾಜುಗಳು ಜಣಜಣ ಎಂದವು. ನನ್ನ ಪಕ್ಕದಲ್ಲಿ ಮೀಸೆಯವರ ಹಿಮ್ಮಡಿಗಳು ಟಪ್ಪೆಂದು ಕೂಡಿದವು, ಗಲ್ಲ ಮೇಲೆದ್ದಿತು. ಬಾಗಿಲಲ್ಲಿ ಜವಾನ ಸೆಟೆದ ರಭಸಕ್ಕೆ ತಟ್ಟೆ ಓರೆಯಾಗಿ ಲೋಟಗಳೆಲ್ಲ ನೆಲದ ಮೇಲೆ. ಎಡಗಡೆಯ ಡಾಕ್ಟರು ಕೂಡ ಅರ್ಧ ಎದ್ದು, ಎರಡೂ ಕೈಗಳನ್ನು ಪ್ಯಾಂಟಿನ ಹೊಲಿಗೆಗೆ ಅಂಟಿಸಿ ನಿಂತುಬಿಟ್ಟಿದ್ದರು. ಸೈನ್ಯದ ಗಾಳಿ ಸೋಕದ ನನ್ನ ಬೆನ್ನೂ ನೆಟ್ಟಗಾಗಿತ್ತು. ನಿದ್ದೆಯಲ್ಲಿದ್ದರೂ ಈ ಮಾತಿಗೆ ಸಿಪಾಯಿಯ ಮೈ ಏಳುತ್ತದೆ, ಅದನ್ನು ತಡೆಯುವ ಜಾಣತನ ಯಾವ ಸಿಪಾಯಿಗೂ ಇಲ್ಲ ಎಂದು ಮೀಸೆಯವರು ಆಮೇಲೆ ಹೇಳಿದರು.

ಆ ಕೋಣೆಯಲ್ಲಿ ಇವರೊಬ್ಬರೇ ಆರಾಮಾಗಿ ನಿಂತಿದ್ದರು. ನೋಯುವ ಬಲಗಾಲನ್ನು ಸ್ವಲ್ಪ ಸಡಿಲ ಬಿಟ್ಟಿದ್ದರು. ಬೆನ್ನ ಹಿಂದೆ ಒಂದು ಹೆಬ್ಬೆರಳು ಇನ್ನೊಂದು ಅಂಗೈಯನ್ನು ಸುಮ್ಮನೆ ಉಜ್ಜುತ್ತಿತ್ತು. ಗೋಡೆಯ ಮೇಲೆ ಬಿಸಿಲಿನ ಒಂದು ಚೌಕ ಬಿದ್ದಿತ್ತು, ಅದನ್ನು ನೋಡುತ್ತಿದ್ದರು. ಕಲ್ಲಿನ ನೆಲ ಕೂಡ ಇವರ ಕಾಲಿಗೆ ಏನೂ ಚಾಡಿ ಹೇಳಲಿಲ್ಲ. ಅಷ್ಟು ದೊಡ್ಡ ಸದ್ದು ಇವರ ಸುತ್ತ ಬಂದು ಹೋಯಿತು, ಇವರನ್ನು ಮುಟ್ಟಲಿಲ್ಲ. ನಾನು ಕೈಮುಗಿದಿದ್ದೆನಂತೆ. ಯಾರಿಗೆ ಎಂದು ನನಗೆ ಗೊತ್ತಿಲ್ಲ.

ಸೆಟೆದವರು ಸೆಟೆದೇ ಇದ್ದರು. ಒಂದಷ್ಟು ಹೊತ್ತು ಕಾದು ಇವರಿಗೆ ಸಂಕೋಚವಾಯಿತೇನೋ. ದೊಡ್ಡವರನ್ನು ಕಾಯಿಸುತ್ತಿದ್ದೇನೆ ಎನ್ನಿಸಿರಬೇಕು. ಗಂಟಲು ಸರಿಮಾಡಿಕೊಂಡು ಗೋಡೆಗೆ ಹೇಳಿದರು:

"ನಾನು ತಯಾರಿದೀನಿ ಸರ್. ನೀವು ಶುರು ಮಾಡಬಹುದು."

ಅಧ್ಯಕ್ಷರು ಮೇಜನ್ನು ಬಳಸಿ, ಚೆಲ್ಲಿದ ಚಹಾ ದಾಟಿ, ಇವರಿಗೂ ಗೋಡೆಗೂ ನಡುವೆ ಹೋದರು. ಬಿಸಿಲಿನ ಚೌಕ ತಮ್ಮ ಮುಖದ ಮೇಲೆ ಬೀಳುವ ಹಾಗೆ ನೋಡಿಕೊಂಡು ನಿಂತರು.

"ಮುಗೀತು," ಎಂದರು. "ನಿಮ್ಮ ಕಿವಿ ನಮ್ಮ ಹತ್ರಾನೇ ಕಳೆದುಹೋಗಿದ್ದು. ಹಾಗಂತಾನೇ ಬರೀತೀವಿ."

ದನಿ ಸಣ್ಣದಾಗಿತ್ತು, ನನಗೇ ಸರಿಯಾಗಿ ಕೇಳಲಿಲ್ಲ. ಇವರು ಒಂದೇ ಸಲಕ್ಕೆ ಓದಿಕೊಂಡರು.